ವೇಗದ ಚಿತ್ರಕಥೆಗಳು: ಅಮೆರಿಕದ ಹಾಟ್ ರಾಡ್ ಕಾಮಿಕ್ ಪುಸ್ತಕಗಳ ವಿವೇಚನೆ (೧೯೫೧–೧೯೭೩)

೧. ಪೀಠಿಕೆ

ಸಾಹಿತ್ಯದ ಇತಿಹಾಸವನ್ನು ಬರೆಯುವವರು ಓದುಗರು ಕಾಪಾಡಿಟ್ಟುಕೊಂಡ ಗ್ರಂಥಗಳನ್ನು ಮಾತ್ರ ಪರಿಶೀಲಿಸುವುದು ವಾಡಿಕೆ. ಓದಿದ ಮರುದಿನವೇ ಮೂಲೆ ಸೇರಿದ ಅಥವಾ ರದ್ದಿಗೆ ಬಿದ್ದ ಬರಹಗಳ ಕಡೆಗೆ ವಿದ್ವಾಂಸರ ದೃಷ್ಟಿ ಹರಿಯುವುದು ಅಪರೂಪ. ಆದರೆ ಒಂದು ಸಮಾಜವು ತನ್ನ ತರುಣರ ವಿಷಯದಲ್ಲಿ ಏನನ್ನು ಆಶಿಸುತ್ತಿತ್ತು, ಏನಕ್ಕೆ ಅಂಜುತ್ತಿತ್ತು ಎಂಬುದನ್ನು ಅರಿಯಬೇಕಾದರೆ ಇಂಥ ಅಲ್ಪಾಯುಷಿ ಬರಹಗಳು ಬಹಳ ನೇರವಾದ ಸಾಕ್ಷ್ಯವನ್ನು ಒದಗಿಸುತ್ತವೆ. ಏಕೆಂದರೆ ಅವು ಮುಂದಿನ ತಲೆಮಾರು ತಮ್ಮನ್ನು ನೋಡೀತೆಂಬ ಎಚ್ಚರದಿಂದ ಬರೆದವುಗಳಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೫೧ರಿಂದ ೧೯೭೩ರವರೆಗೆ ಪ್ರಕಟವಾದ ಹಾಟ್ ರಾಡ್ ಕಾಮಿಕ್ ಪುಸ್ತಕಗಳು ಈ ವರ್ಗಕ್ಕೆ ಸೇರತಕ್ಕವು. ಮನೆಯ ಷೆಡ್ಡಿನಲ್ಲಿ ಕಟ್ಟಿದ ವೇಗದ ಕಾರುಗಳು, ಅವುಗಳನ್ನು ಓಡಿಸುವ ಹುಡುಗರು, ಅವರ ಪಂದ್ಯಗಳು ಮತ್ತು ಅವರ ಅಪಘಾತಗಳು ಈ ಪುಸ್ತಕಗಳ ವಸ್ತು. ಮೇಲುನೋಟಕ್ಕೆ ಇದು ತೀರ ಹಗುರವಾದ ಸಂಗತಿಯೆನಿಸಬಹುದು. ಆದರೆ ಇವುಗಳನ್ನು ಓದುತ್ತಿದ್ದವರು ಅಂದೋ ನಾಳೆಯೋ ಕಾರಿನ ಚಕ್ರವನ್ನು ಕೈಗೆ ತೆಗೆದುಕೊಳ್ಳಲಿದ್ದ ಬಾಲಕರು. ಕಾರಿನಲ್ಲಿ ಕುಳಿತು ಸಾರ್ವಜನಿಕ ರಸ್ತೆಯಲ್ಲಿ ಪಂದ್ಯವಾಡಿ ಸಾಯುವುದು ಅಂದಿನ ಅಮೆರಿಕದಲ್ಲಿ ಕಟ್ಟುಕಥೆಯಾಗಿರಲಿಲ್ಲ. ಅಪಾಯವನ್ನೇ ಆಕರ್ಷಣೆಯನ್ನಾಗಿ ಮಾರುವ ಪುಸ್ತಕವೊಂದು ಆ ಅಪಾಯದ ವಿಷಯವಾಗಿ ಬಾಲಕರಿಗೆ ಏನು ಹೇಳಬಲ್ಲದು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಚಿತ್ರಕಥೆಗಳ ಹುಟ್ಟು, ರಚನೆ, ಕಲೆ ಮತ್ತು ಅವಸಾನವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಹಾಟ್ ರಾಡ್ ಎಂಬ ವಸ್ತು

ಮೊದಲು ವಸ್ತುವಿನ ಪರಿಚಯ ಅವಶ್ಯಕ. ಹಾಟ್ ರಾಡ್ ಎಂದರೆ ಕಾರ್ಖಾನೆಯಿಂದ ಹಾಗೆಯೇ ಬಂದ ಕಾರಲ್ಲ. ಹಳೆಯ ಅಗ್ಗದ ಕಾರೊಂದನ್ನು ಅದರ ಒಡೆಯನೇ ಬಿಚ್ಚಿ, ಹಗುರಗೊಳಿಸಿ, ಎಂಜಿನ್ನಿನ ಬಲವನ್ನು ಹೆಚ್ಚಿಸಿ ಮತ್ತೆ ಜೋಡಿಸಿದ ವಾಹನ. ಇದಕ್ಕೆ ಬೇಕಾದ ಕಚ್ಚಾ ಸಾಮಗ್ರಿಯನ್ನು ಒದಗಿಸಿದ್ದು ಮುಖ್ಯವಾಗಿ ಫೋರ್ಡ್ ಕಂಪೆನಿ. ೧೯೦೮ರಿಂದ ೧೯೨೭ರವರೆಗೆ ಆ ಕಂಪೆನಿಯು ಒಂದೂವರೆ ಕೋಟಿ ‘ಮಾಡೆಲ್ ಟಿ’ ಕಾರುಗಳನ್ನು ತಯಾರಿಸಿತು. ೧೯೩೨ರಲ್ಲಿ ಅದೇ ಕಂಪೆನಿಯು ಎಂಟು ಸಿಲಿಂಡರುಗಳನ್ನು ‘ವಿ’ ಅಕ್ಷರದ ಆಕಾರದಲ್ಲಿ ಜೋಡಿಸಿದ, ೬೫ ಅಶ್ವಶಕ್ತಿಯ ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ಮಾರುಕಟ್ಟೆಗೆ ತಂದಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ಕಾರುಗಳು ಎರಡನೆಯ ಕೈ, ಮೂರನೆಯ ಕೈ ದಾಟಿ ಗುಜರಿ ಅಂಗಡಿಗಳನ್ನು ಸೇರಿದ್ದುವು. ಶಾಲೆಯ ಹುಡುಗನೊಬ್ಬನು ಬೇಸಗೆಯಲ್ಲಿ ದುಡಿದು ಕೊಳ್ಳಬಹುದಾದ ಬೆಲೆಗೆ ಇಳಿದಿದ್ದುವು.

ಕಾರನ್ನು ಬದಲಾಯಿಸುವ ವಿಧಾನದ ಹಿಂದೆ ಸರಳವಾದ ಭೌತವಿಜ್ಞಾನವಿದೆ. ಮಡ್‌ಗಾರ್ಡು, ಬಾನೆಟ್ಟಿನ ಪಕ್ಕದ ತಗಡು ಮೊದಲಾದವನ್ನು ಕಳಚಿದರೆ ತೂಕ ಕಡಮೆಯಾಗಿ, ಅಷ್ಟೇ ಬಲದಿಂದ ಹೆಚ್ಚು ಶೀಘ್ರವಾಗಿ ವೇಗ ಏರುತ್ತದೆ. ಚಾವಣಿಯ ಕಂಬಗಳನ್ನು ಕೊಯ್ದು ಚಾವಣಿಯನ್ನು ತಗ್ಗಿಸಿದರೆ ಗಾಳಿಯ ತಡೆ ಕುಗ್ಗುತ್ತದೆ. ಒಂದರ ಬದಲು ಎರಡು ಮೂರು ಕಾರ್ಬ್ಯುರೇಟರುಗಳನ್ನು ಕೂಡಿಸಿದರೆ ಎಂಜಿನ್ನಿಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಹೆಚ್ಚಾಗಿ ಒದಗುತ್ತದೆ. ಸಿಲಿಂಡರಿನ ತಲೆಯನ್ನು ಬದಲಿಸಿ, ಉರಿಯುವುದಕ್ಕೆ ಮುನ್ನ ಆ ಮಿಶ್ರಣವನ್ನು ಇನ್ನೂ ಬಿಗಿಯಾಗಿ ಒತ್ತುವಂತೆ ಮಾಡಿದರೆ ಅದು ಉರಿದಾಗ ದೊರೆಯುವ ಬಲ ಅಧಿಕವಾಗುತ್ತದೆ. ಇವೆಲ್ಲವೂ ಪುಸ್ತಕದಿಂದ ಕಲಿತ ವಿದ್ಯೆಯಲ್ಲ. ಕೈಯ ಅನುಭವದಿಂದ, ಒಬ್ಬರಿಂದ ಒಬ್ಬರಿಗೆ ಹರಿದು ಬಂದದ್ದು.

ಈ ಹವ್ಯಾಸದ ತೌರು ದಕ್ಷಿಣ ಕ್ಯಾಲಿಫೋರ್ನಿಯ. ಅಲ್ಲಿಯ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಸರೋವರಗಳಿವೆ. ಅವುಗಳ ತಳ ಮೈಲಿಗಟ್ಟಲೆ ಸಮತಟ್ಟಾಗಿ ಗಟ್ಟಿ ಜೇಡಿಯಿಂದ ಕೂಡಿರುವುದರಿಂದ ತರುಣರು ಅಲ್ಲಿ ಗಡಿಯಾರದ ವಿರುದ್ಧ ಕಾರು ಓಡಿಸುತ್ತಿದ್ದರು. ಇಂಥ ಓಟಗಳನ್ನು ಕ್ರಮಪಡಿಸುವುದಕ್ಕಾಗಿ ೧೯೩೭ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಸೈನ್ಯದಲ್ಲಿ ಯಂತ್ರವಿದ್ಯೆ ಕಲಿತ ಅನೇಕರು ಊರಿಗೆ ಹಿಂತಿರುಗಿದರು; ಅವರೊಡನೆ ಹವ್ಯಾಸವೂ ಬೆಳೆಯಿತು. ೧೯೪೮ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಮತ್ತು ರಾಬರ್ಟ್ ಲಿಂಡ್ಸೆ ಅವರು ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು.

ಆದರೆ ಎಲ್ಲರೂ ಮರುಭೂಮಿಗೆ ಹೋಗುವಂತಿರಲಿಲ್ಲ. ಊರಿನ ದೀಪದ ಕಂಬದ ಬಳಿ ಎರಡು ಕಾರುಗಳು ಅಕ್ಕಪಕ್ಕ ನಿಂತು, ಹಸುರು ದೀಪ ಹತ್ತಿದೊಡನೆ ಚಿಮ್ಮುವ ಪದ್ಧತಿ ಹಬ್ಬಿತು. ಪತ್ರಿಕೆಗಳೂ ಪೊಲೀಸರೂ ಹಾಟ್ ರಾಡ್ ಎಂಬ ಮಾತನ್ನೇ ಪುಂಡತನದ ಪರ್ಯಾಯಪದವನ್ನಾಗಿ ಬಳಸತೊಡಗಿದರು. ಇದಕ್ಕೆ ಉತ್ತರವಾಗಿ ‘ಹಾಟ್ ರಾಡ್’ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಅವರು ೧೯೫೧ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಅವರ ವಾದ ಸರಳವಾಗಿತ್ತು: ಹುಡುಗರನ್ನು ರಸ್ತೆಯಿಂದ ಬಿಡಿಸಬೇಕಾದರೆ ಅವರಿಗೆ ಬೇರೊಂದು ಜಾಗ ಕೊಡಬೇಕು. ಕಾಲು ಮೈಲಿಯ ನೇರ ಪಥ, ಅಂದರೆ ೧೩೨೦ ಅಡಿ. ಹೊರಡುವ ಮುನ್ನ ವಾಹನದ ತಪಾಸಣೆ. ತಲೆಗೆ ರಕ್ಷಣೆಯ ಟೋಪಿ. ಕೊನೆಯಲ್ಲಿ ಕಾಲವನ್ನೂ ವೇಗವನ್ನೂ ಅಳೆಯುವ ಉಪಕರಣ. ಇದೇ ಡ್ರ್ಯಾಗ್ ರೇಸ್. ೧೯೫೪ರಲ್ಲಿ ಈ ಸಂಸ್ಥೆಯ ತಂಡವೊಂದು ದೇಶವನ್ನು ಸಂಚರಿಸಿ, ಇಂಥ ಪಥವನ್ನು ಸುರಕ್ಷಿತವಾಗಿ ನಡೆಸುವ ಬಗೆಯನ್ನು ಊರೂರಿಗೆ ತೋರಿಸಿಕೊಟ್ಟಿತು.

೩. ಚಿತ್ರಕಥೆಗಳ ಉದಯ

ಯುದ್ಧಾನಂತರ ಅತಿಮಾನವ ವೀರರ ಕಥೆಗಳಿಗೆ ಬೇಡಿಕೆ ಇಳಿಯಿತು. ಕಾಮಿಕ್ ಪುಸ್ತಕಗಳ ಪ್ರಕಾಶಕರು ಹೊಸ ವಸ್ತುಗಳನ್ನು ಅರಸಿ ಪ್ರಣಯ, ಅಪರಾಧ, ಪಶ್ಚಿಮ ಸೀಮೆಯ ಕುದುರೆ ಸವಾರರು, ಭೂತಪ್ರೇತ, ಯುದ್ಧ ಹೀಗೆ ಒಂದರ ಮೇಲೊಂದು ಪ್ರಕಾರವನ್ನು ಪ್ರಯೋಗಿಸಿದರು. ಹಾಟ್ ರಾಡ್ ಆ ಸಾಲಿನಲ್ಲಿ ಬಂದದ್ದು. ೧೯೫೦ರಲ್ಲಿ ಹೆನ್ರಿ ಗ್ರೆಗರ್ ಫೆಲ್ಸೆನ್ ಅವರ ‘ಹಾಟ್ ರಾಡ್’ ಎಂಬ ಬಾಲಕಾದಂಬರಿ ಪ್ರಕಟವಾಗಿ ಬಹಳ ಜನಪ್ರಿಯವಾಗಿತ್ತು. ವೇಗದ ಮೋಹ ಮತ್ತು ಅದರ ಫಲ ಅದರ ವಸ್ತು.

ಮುಖಪುಟದ ದಿನಾಂಕವನ್ನು ನಂಬುವುದಾದರೆ ೧೯೫೧ರ ನವೆಂಬರಿನಲ್ಲಿ ಎರಡು ಪತ್ರಿಕೆಗಳು ಒಟ್ಟೊಟ್ಟಿಗೆ ಹೊರಬಂದವು: ಫಾಸೆಟ್ ಸಂಸ್ಥೆಯ ‘ಹಾಟ್ ರಾಡ್ ಕಾಮಿಕ್ಸ್’ ಮತ್ತು ಚಾರ್ಲ್‌ಟನ್ ಸಂಸ್ಥೆಯ ‘ಹಾಟ್ ರಾಡ್ಸ್ ಆ್ಯಂಡ್ ರೇಸಿಂಗ್ ಕಾರ್ಸ್’. (ಅಮೆರಿಕದ ಕಾಮಿಕ್ ಪುಸ್ತಕಗಳು ಅಂಗಡಿಯಲ್ಲಿ ಹಳೆಯದೆನಿಸಬಾರದೆಂದು, ನಿಜವಾಗಿ ಹೊರಬೀಳುವ ಕಾಲಕ್ಕಿಂತ ಕೆಲವು ತಿಂಗಳು ಮುಂದಿನ ದಿನಾಂಕವನ್ನು ಮುಖಪುಟದಲ್ಲಿ ಅಚ್ಚು ಹಾಕುತ್ತಿದ್ದುವು, ಕಾಲನಿರ್ಣಯ ಮಾಡುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.) ೧೯೫೨ರಲ್ಲಿ ಹಿಲ್‌ಮನ್ ಸಂಸ್ಥೆಯ ‘ಹಾಟ್ ರಾಡ್ ಆ್ಯಂಡ್ ಸ್ಪೀಡ್‌ವೇ ಕಾಮಿಕ್ಸ್’ ಬಂತು, ಜಿಫ್-ಡೇವಿಸ್ ಸಂಸ್ಥೆಯವರೂ ಅದೇ ವರ್ಷ ಇದೇ ವಸ್ತುವನ್ನು ಕುರಿತು ಪುಸ್ತಕ ಹೊರತಂದರು. ಫಾಸೆಟ್ ಪತ್ರಿಕೆಯ ಚಿತ್ರಕಾರರಲ್ಲಿ ಬಾಬ್ ಪವೆಲ್ ಪ್ರಮುಖರು.

ಇವುಗಳ ಪೈಕಿ ಬಹುಪಾಲು ಬೇಗನೆ ನಿಂತುಹೋದವು. ಅದಕ್ಕೆ ಓದುಗರ ಅನಾದರವೊಂದೇ ಕಾರಣವೆಂದು ಹೇಳಲಾಗದು. ‘ಕ್ಯಾಪ್ಟನ್ ಮಾರ್ವೆಲ್’ ಎಂಬ ಪಾತ್ರವು ‘ಸೂಪರ್‌ಮ್ಯಾನ್’ ಪಾತ್ರದ ಅನುಕರಣೆಯೆಂದು ಫಾಸೆಟ್ ಸಂಸ್ಥೆಯ ಮೇಲೆ ಹೂಡಲಾಗಿದ್ದ ಬಹುಕಾಲದ ವ್ಯಾಜ್ಯ ರಾಜಿಯಲ್ಲಿ ಮುಗಿದು, ೧೯೫೩ರಲ್ಲಿ ಆ ಸಂಸ್ಥೆ ಕಾಮಿಕ್ ವ್ಯವಹಾರವನ್ನೇ ಬಿಟ್ಟಿತು. ಅದರೊಡನೆ ಅದರ ಹಾಟ್ ರಾಡ್ ಪತ್ರಿಕೆಯೂ ಹೋಯಿತು. ಕೊನೆಗೆ ದೀರ್ಘಕಾಲ ಉಳಿದದ್ದು ಚಾರ್ಲ್‌ಟನ್ನಿನ ಪತ್ರಿಕೆಯೊಂದೇ. ಅದು ೧೯೭೩ರ ಜೂನ್‌ವರೆಗೆ ನಡೆದು ೧೨೦ ಸಂಚಿಕೆಗಳನ್ನು ಕಂಡಿತು.

ಈ ದೀರ್ಘಾಯುಷ್ಯದ ಕಾರಣ ಕಥೆಗಳಲ್ಲಿರುವಷ್ಟೇ ಅಚ್ಚುಕೂಟದಲ್ಲಿಯೂ ಇದೆ. ಕನೆಟಿಕಟ್ ರಾಜ್ಯದ ಡರ್ಬಿ ಎಂಬ ಊರಿನಲ್ಲಿದ್ದ ಚಾರ್ಲ್‌ಟನ್ ಸಂಸ್ಥೆಯಲ್ಲಿ ಸಂಪಾದನೆ, ಮುದ್ರಣ, ವಿತರಣೆ ಮೂರೂ ಒಂದೇ ಸೂರಿನಡಿ ನಡೆಯುತ್ತಿದ್ದುವು. ಅದರ ಮುಖ್ಯ ವರಮಾನ ಜನಪ್ರಿಯ ಗೀತೆಗಳ ಸಾಹಿತ್ಯವನ್ನು ಅಚ್ಚು ಮಾಡುವ ಪತ್ರಿಕೆಗಳಿಂದ. ದೊಡ್ಡ ಮುದ್ರಣಯಂತ್ರವನ್ನು ಸುಮ್ಮನೆ ನಿಲ್ಲಿಸುವುದು ನಷ್ಟ; ಆದಕಾರಣ ಯಂತ್ರ ತಿರುಗುತ್ತಿರಲೆಂದು ಕಾಮಿಕ್ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದರು. ಚಿತ್ರಕಾರರಿಗೆ ಕೊಡುವ ಸಂಭಾವನೆ ಆ ಉದ್ಯಮದಲ್ಲಿಯೇ ಅತಿ ಕಡಮೆಯೆಂದು ಹೆಸರಾಗಿತ್ತು. ಒಂದು ಕಾಲದಲ್ಲಿ ಮಾತಿನ ಗುಳ್ಳೆಗಳಲ್ಲಿಯ ಅಕ್ಷರಗಳನ್ನು ಬರೆಯಲು ಕೈಬರಹದವರಿಗೆ ಹಣ ಕೊಡುವ ಬದಲು ದೊಡ್ಡ ಬೆರಳಚ್ಚುಯಂತ್ರವನ್ನು ಬಳಸಿ, ಅಕ್ಷರಕಾರನ ಹೆಸರನ್ನು ‘ಎ. ಮಷೀನ್’ ಎಂದು ವಿನೋದವಾಗಿ ಸೂಚಿಸುತ್ತಿದ್ದರು. ಆದರೆ ಅಲ್ಪ ಸಂಭಾವನೆಗೆ ಪ್ರತಿಯಾಗಿ ಅಲ್ಲಿ ಕಲಾವಿದನಿಗೆ ಸ್ವಾತಂತ್ರ್ಯವಿತ್ತು. ಸಂಪಾದಕರ ಹಸ್ತಕ್ಷೇಪ ಅಲ್ಲಿ ವಿರಳ.

ಆ ಸ್ವಾತಂತ್ರ್ಯವನ್ನು ಸಾರ್ಥಕಪಡಿಸಿದವರು ಜ್ಯಾಕ್ ಕೆಲರ್ (೧೯೨೨–೨೦೦೩). ಮಾರ್ವೆಲ್ ಸಂಸ್ಥೆಗಾಗಿ ‘ಕಿಡ್ ಕೋಲ್ಟ್’ ಎಂಬ ಕುದುರೆ ಸವಾರನ ಕಥೆಗಳನ್ನು ವರ್ಷಗಟ್ಟಲೆ ಚಿತ್ರಿಸಿದ್ದ ಇವರು ಚಾರ್ಲ್‌ಟನ್ನಿಗೆ ಕಾರಿನ ಕಥೆಗಳನ್ನು ತಾವೇ ಬರೆದು ತಾವೇ ಚಿತ್ರಿಸಿದರು. ೧೯೬೦ರ ದಶಕದಲ್ಲಿ ಈ ಪ್ರಕಾರವೆಂದರೆ ಹೆಚ್ಚುಕಡಮೆ ಕೆಲರ್ ಅವರ ಕೃತಿಯೇ ಎನ್ನಬಹುದು. ಕ್ಲಿಂಟ್ ಕರ್ಟಿಸ್ ಎಂಬ ನಾಯಕನೂ ‘ರೋಡ್ ನೈಟ್ಸ್’ ಎಂಬ ಅವನ ಸಂಘವೂ ಚಾರ್ಲ್‌ಟನ್ ಓದುಗರಿಗೆ ಸುಪರಿಚಿತ. ‘ನೈಟ್’ ಎಂಬ ಪದ ಇಲ್ಲಿ ಪ್ರತಿಜ್ಞಾಬದ್ಧನಾದ ಮಧ್ಯಯುಗದ ವೀರಯೋಧನನ್ನು ಸೂಚಿಸುತ್ತದೆ. ಹೆಸರಿನಲ್ಲಿಯೇ ಕಥೆಗಳ ಆಶಯ ಅಡಗಿದೆ.

೪. ಅಂಚೆಯ ನಿಯಮಗಳು ಮತ್ತು ಪತ್ರಿಕೆಯ ರೂಪ

ಸಾಹಿತ್ಯಪ್ರಕಾರವೊಂದರ ರೂಪವನ್ನು ಕಲೆಯ ಹೊರಗಿನ ಕಾರಣಗಳು ಹೇಗೆ ನಿರ್ಧರಿಸುತ್ತವೆಂಬುದಕ್ಕೆ ಈ ಪುಸ್ತಕಗಳು ಒಳ್ಳೆಯ ನಿದರ್ಶನ. ಕಾಮಿಕ್ ಪುಸ್ತಕವೊಂದು ಕಡಮೆ ದರದ ಎರಡನೆಯ ದರ್ಜೆಯ ಅಂಚೆಗೆ ಅರ್ಹವಾಗಬೇಕಾದರೆ ಅದು ‘ನಿಯತಕಾಲಿಕ’ವೆಂದು ಸಿದ್ಧವಾಗಬೇಕಿತ್ತು, ಅದಕ್ಕಾಗಿ ಚಿತ್ರವಿಲ್ಲದ ಗದ್ಯ ಒಂದೆರಡು ಪುಟವಾದರೂ ಇರತಕ್ಕದ್ದೆಂಬ ನಿರ್ಬಂಧವಿತ್ತು. ಹೀಗಾಗಿ ೧೦ ಸೆಂಟಿನ ಈ ಪುಸ್ತಕಗಳ ನಡುವೆ ಚಿಕ್ಕ ಗದ್ಯಕಥೆಯೋ, ಪಂದ್ಯಗಳ ವಿಷಯವಾದ ಲೇಖನವೋ ತಪ್ಪದೆ ಕಾಣಿಸುತ್ತದೆ. ಇದನ್ನು ಎಷ್ಟು ಹುಡುಗರು ಓದುತ್ತಿದ್ದರೋ, ಆದರೆ ಪುಸ್ತಕಕ್ಕೆ ಒಂದು ಉಪದೇಶದ ಸ್ಥಾನ ಅದರಿಂದ ದೊರಕಿತು.

ಎರಡನೆಯದು ಕ್ರಮಸಂಖ್ಯೆಯ ವಿಚಾರ. ಹೊಸ ಪತ್ರಿಕೆ ಆರಂಭಿಸಿದರೆ ಅಂಚೆಯ ಹೊಸ ಪರವಾನಗಿಗೆ ಹಣ ಕಟ್ಟಬೇಕು. ಹಳೆಯ ಪತ್ರಿಕೆಯ ಹೆಸರನ್ನು ಮಾತ್ರ ಬದಲಾಯಿಸಿ ಸಂಖ್ಯೆಯನ್ನು ಮುಂದುವರಿಸಿದರೆ ಆ ವೆಚ್ಚ ಉಳಿಯುತ್ತದೆ. ೧೯೬೩ರಲ್ಲಿ ಹುಟ್ಟಿದ ‘ಟೀನೇಜ್ ಹಾಟ್‌ರಾಡರ್ಸ್’ ಪತ್ರಿಕೆ ೨೪ ಸಂಚಿಕೆಗಳಾದ ಮೇಲೆ ೧೯೬೭ರಲ್ಲಿ ‘ಟಾಪ್ ಎಲಿಮಿನೇಟರ್’ ಎಂಬ ಹೆಸರನ್ನೂ, ಮರುವರ್ಷ ‘ಡ್ರ್ಯಾಗ್ ಎನ್ ವೀಲ್ಸ್’ ಎಂಬ ಹೆಸರನ್ನೂ ತಾಳಿತು. ೧೯೬೩ರದೇ ಆದ ‘ಡ್ರ್ಯಾಗ್-ಸ್ಟ್ರಿಪ್ ಹಾಟ್‌ರಾಡರ್ಸ್’ ಮುಂದೆ ‘ವರ್ಲ್ಡ್ ಆಫ್ ವೀಲ್ಸ್’ ಆಯಿತು. ೧೯೬೪ರ ‘ಹಾಟ್ ರಾಡ್ ರೇಸರ್ಸ್’ ಮುಂದೆ ‘ಗ್ರ್ಯಾನ್ ಪ್ರಿ’ ಆಯಿತು. ಈ ಹೆಸರುಗಳನ್ನು ಸಾಲಾಗಿ ಓದಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಮೊದಲಿನ ಹೆಸರುಗಳೆಲ್ಲ ಹುಡುಗರನ್ನು ಸೂಚಿಸುತ್ತವೆ. ೧೯೬೭ರಿಂದಾಚೆಯವು ಪಂದ್ಯವನ್ನೂ ಚಕ್ರಗಳನ್ನೂ ಸೂಚಿಸುತ್ತವೆ. ಕಾರು ಕಟ್ಟುವವನಿಂದ ಕಾರಿನ ಕಡೆಗೆ ಆಸಕ್ತಿ ಜಾರುತ್ತಿತ್ತೆಂಬುದನ್ನು ಇದರಿಂದ ಊಹಿಸಬಹುದು. ಈ ಅಂಶವನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇವೆ.

೫. ನೀತಿಸಂಹಿತೆ ಮತ್ತು ಕಥೆಯ ವಿನ್ಯಾಸ

೧೯೫೪ನೆಯ ವರ್ಷ ಅಮೆರಿಕದ ಕಾಮಿಕ್ ಪುಸ್ತಕಗಳ ಚರಿತ್ರೆಯಲ್ಲಿ ಒಂದು ಎಲ್ಲೆಗೆರೆ. ಮನೋವೈದ್ಯರಾದ ಫ್ರೆಡ್ರಿಕ್ ವರ್ಥಮ್ ಅವರು ಆ ವರ್ಷ ಪ್ರಕಟಿಸಿದ ‘ಸಿಡಕ್ಷನ್ ಆಫ್ ದಿ ಇನೊಸೆಂಟ್’ ಎಂಬ ಗ್ರಂಥದಲ್ಲಿ ಕಾಮಿಕ್ ಪುಸ್ತಕಗಳು ಬಾಲಾಪರಾಧಕ್ಕೆ ಪ್ರೇರಕವೆಂದು ಆಪಾದಿಸಿದರು. ಸೆನೆಟ್ಟಿನ ಉಪಸಮಿತಿಯೊಂದು ಅದೇ ವರ್ಷ ನ್ಯೂಯಾರ್ಕಿನಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಸರಕಾರದ ನಿರ್ಬಂಧಕ್ಕೆ ಅಂಜಿದ ಪ್ರಕಾಶಕರು ತಾವಾಗಿಯೇ ಕಾಮಿಕ್ಸ್ ಕೋಡ್ ಎಂಬ ನೀತಿಸಂಹಿತೆಯನ್ನು ರಚಿಸಿಕೊಂಡರು. ಅಪರಾಧಿಯ ವಿಷಯದಲ್ಲಿ ಸಹಾನುಭೂತಿ ಹುಟ್ಟುವಂತೆ ಬರೆಯಕೂಡದು. ಪೊಲೀಸರ ವಿಷಯದಲ್ಲಿ ಅಗೌರವ ತೋರಕೂಡದು. ಕೇಡು ಕೊನೆಯಲ್ಲಿ ಸೋಲಲೇಬೇಕು. ಇವು ಅದರ ಮುಖ್ಯ ವಿಧಿಗಳು.

ಭೂತಪ್ರೇತ ಮತ್ತು ಅಪರಾಧದ ಪತ್ರಿಕೆಗಳಿಗೆ ಈ ಸಂಹಿತೆ ಮಾರಕವಾಯಿತು. ಹಾಟ್ ರಾಡ್ ಪತ್ರಿಕೆಯ ಪಾಲಿಗೆ ಹಾಗಾಗಲಿಲ್ಲ. ಏಕೆಂದರೆ ಅದರ ಕಥೆಯ ಅಸ್ಥಿಪಂಜರ ಮೊದಲಿನಿಂದಲೂ ನೀತಿಕಥೆಯದಾಗಿತ್ತು. ಆ ವಿನ್ಯಾಸವನ್ನು ಸ್ಥೂಲವಾಗಿ ಹೀಗೆ ನಿರೂಪಿಸಬಹುದು. ಊರಿಗೆ ಹೊಸಬನಾದ ಅಥವಾ ಸ್ವಭಾವತಃ ಉದ್ಧಟನಾದ ತರುಣನೊಬ್ಬನು ಬೀದಿಯಲ್ಲಿ ಕಾರು ಓಡಿಸಿ ಎಲ್ಲರನ್ನೂ ಗಾಬರಿಗೊಳಿಸುತ್ತಾನೆ. ಊರಿನ ಹಾಟ್ ರಾಡ್ ಸಂಘದವರು ಅವನನ್ನು ಪಥಕ್ಕೆ ಕರೆಯುತ್ತಾರೆ, ಅವನು ಹಂಗಿಸುತ್ತಾನೆ. ಸಂಘಕ್ಕೆ ಪಥವನ್ನು ಬಿಟ್ಟುಕೊಟ್ಟ ಊರಿನ ಹಿರಿಯರಿಗೆ ಈಗ ಸಂಶಯ: ಇವನೊಬ್ಬನ ದೆಸೆಯಿಂದ ಎಲ್ಲರ ಪಥಕ್ಕೂ ಕುತ್ತು ಬರುತ್ತದೆ. ಅಪಘಾತವೊಂದು ಸಂಭವಿಸುತ್ತದೆ ಅಥವಾ ಕೂದಲೆಳೆಯಷ್ಟರಲ್ಲಿ ತಪ್ಪುತ್ತದೆ. ಉದ್ಧಟನು ಒಂದೋ ಪಶ್ಚಾತ್ತಾಪಪಟ್ಟು ಸಂಘವನ್ನು ಸೇರುತ್ತಾನೆ, ಇಲ್ಲವೆ ಕಾನೂನಿನ ಕೈಗೆ ಸಿಕ್ಕುತ್ತಾನೆ. ಪೊಲೀಸ್ ಅಧಿಕಾರಿ ಇಲ್ಲಿ ಶತ್ರುವಲ್ಲ. ಅನೇಕ ಸಲ ಸಂಘದ ಹಿತೈಷಿ.

ಈ ವಿನ್ಯಾಸವನ್ನು ಕುದುರೆ ಸವಾರರ ಕಥೆಗಳೊಡನೆ ಹೋಲಿಸಿದರೆ ಅದರ ಮೂಲ ಸ್ಪಷ್ಟವಾಗುತ್ತದೆ. ಅಲ್ಲಿ ಊರ ಬೀದಿಯಲ್ಲಿ ಪಿಸ್ತೂಲಿನ ದ್ವಂದ್ವ. ಇಲ್ಲಿ ದೀಪದ ಕಂಬದ ಬಳಿ ಎರಡು ಕಾರುಗಳ ದ್ವಂದ್ವ. ಅಲ್ಲಿ ಸವಾರ ಮತ್ತು ಕುದುರೆಯ ಸ್ನೇಹ. ಇಲ್ಲಿ ಹುಡುಗ ಮತ್ತು ಎಂಜಿನ್ನಿನ ಸ್ನೇಹ. ಒಬ್ಬನೇ ಕಲಾವಿದನು ಎರಡು ಪ್ರಕಾರಗಳಲ್ಲಿಯೂ ಪಳಗಿದ್ದುದು ಆಕಸ್ಮಿಕವೆನಿಸುವುದಿಲ್ಲ. ಆದರೆ ವ್ಯತ್ಯಾಸವೂ ಮುಖ್ಯವಾದುದು. ಕುದುರೆಯ ಸವಾರ ಏಕಾಕಿ. ಕಥೆ ಮುಗಿದಾಗ ಅವನು ಊರು ಬಿಟ್ಟು ಹೋಗುತ್ತಾನೆ. ಹಾಟ್ ರಾಡ್ ನಾಯಕ ಸಂಘಜೀವಿ. ಕಥೆ ಮುಗಿದಾಗ ಅವನು ಊರಿನಲ್ಲಿಯೇ ಉಳಿಯುತ್ತಾನೆ. ಊರಿನೊಡನೆ ಬಾಳುವುದೇ ಅವನ ಸಮಸ್ಯೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇಂಥ ಕಥೆಯಲ್ಲಿ ನೀತಿ ಕೊನೆಯ ಎರಡು ಚೌಕಟ್ಟುಗಳಲ್ಲಿ ಬರುತ್ತದೆ. ಅದಕ್ಕೆ ಮುಂಚಿನ ಪುಟಗಳಲ್ಲೆಲ್ಲ ವೇಗದ ಸುಖವೇ ತುಂಬಿರುತ್ತದೆ. ಬಾಲಕನ ಮನಸ್ಸಿನಲ್ಲಿ ಉಳಿಯುವುದು ಯಾವುದು? ಆಕ್ಷೇಪ ಬಲವಾದುದೇ. ೧೯೫೫ರಲ್ಲಿ ತೆರೆಗೆ ಬಂದ ‘ರೆಬೆಲ್ ವಿದೌಟ್ ಎ ಕಾಸ್’ ಚಲನಚಿತ್ರದಲ್ಲಿ ಇಬ್ಬರು ಹುಡುಗರು ಕಡಿದಾದ ಬಂಡೆಯ ಅಂಚಿಗೆ ಕಾರು ಓಡಿಸುವ ಪಂದ್ಯದ ದೃಶ್ಯವಿದೆ. ದೃಶ್ಯದ ಉದ್ದೇಶ ಎಚ್ಚರಿಕೆಯಾದರೂ ಅದರ ಆಕರ್ಷಣೆ ಲೋಕಪ್ರಸಿದ್ಧವಾಯಿತು. ಅದರ ನಾಯಕನಟ ಜೇಮ್ಸ್ ಡೀನ್ ಆ ಚಿತ್ರ ಬಿಡುಗಡೆಯಾಗುವ ಮುನ್ನವೇ, ಅದೇ ವರ್ಷ ಸೆಪ್ಟೆಂಬರ್ ೩೦ರಂದು, ಕಾರಿನ ಅಪಘಾತದಲ್ಲಿ ಮಡಿದನು.

ಆದರೂ ಒಂದು ಭೇದವನ್ನು ಗಮನಿಸತಕ್ಕದ್ದು. ಈ ಚಿತ್ರಕಥೆಗಳು ‘ವೇಗ ಬೇಡ’ ಎಂದು ಹೇಳುವುದಿಲ್ಲ. ‘ಇಲ್ಲಿ ಬೇಡ, ಅಲ್ಲಿ’ ಎಂದು ಹೇಳುತ್ತವೆ. ಅದೇ ಕಾರು, ಅದೇ ಹುಡುಗ, ಅದೇ ವೇಗ; ಬೀದಿಯಲ್ಲಿ ಅದು ಅಪರಾಧ, ಪಥದಲ್ಲಿ ಅದು ಕೌಶಲ. ಸುಖವನ್ನು ನಿಷೇಧಿಸುವ ಕಥೆಗೆ ತನ್ನ ಮಧ್ಯಭಾಗದ ಸುಖ ವಿರೋಧವಾಗುತ್ತದೆ. ಸುಖದ ಸ್ಥಾನವನ್ನು ಬದಲಿಸುವ ಕಥೆಗೆ ಆ ವಿರೋಧ ಅಷ್ಟು ತೀವ್ರವಾಗಿರುವುದಿಲ್ಲ. ವಾಲಿ ಪಾರ್ಕ್ಸ್ ಅವರು ಸಂಸ್ಥೆಯ ಮೂಲಕ ಮಾಡಿದ ವಾದವನ್ನೇ ಚಿತ್ರಕಥೆಗಳು ಹುಡುಗರ ಭಾಷೆಯಲ್ಲಿ ಮಾಡಿದವು. ಇದೇ ಇವುಗಳ ಸಾಮಾಜಿಕ ಮಹತ್ತ್ವ.

೬. ನಿಶ್ಚಲ ಚಿತ್ರದಲ್ಲಿ ಚಲನೆ

ಇನ್ನು ಕಲೆಯ ವಿಚಾರ. ಚಲಿಸದ ಚಿತ್ರದಲ್ಲಿ ಚಲನೆಯನ್ನು ತೋರಿಸುವುದು ಈ ಪ್ರಕಾರದ ಮುಖ್ಯ ಸಮಸ್ಯೆ. ಕಾರಿನ ಹಿಂದೆ ಎಳೆದ ಸಮಾಂತರ ಗೆರೆಗಳು, ಚಕ್ರದಡಿಯ ಧೂಳಿನ ಮೋಡ, ಎಂಜಿನ್ನಿನ ಮೊರೆತವನ್ನೂ ಟೈರಿನ ಕಿರುಚನ್ನೂ ಅನುಕರಿಸುವ ದೊಡ್ಡ ಅಕ್ಷರಗಳು, ಇವು ಸರ್ವಸಾಧಾರಣ ಸಾಧನಗಳು. ಅವುಗಳಿಗಿಂತ ಸ್ವಾರಸ್ಯವಾದುದು ಚಕ್ರದ ಆಕಾರ. ವೇಗವಾಗಿ ಓಡುವ ಕಾರಿನ ಚಕ್ರವನ್ನು ಚಿತ್ರಕಾರರು ವೃತ್ತವಾಗಿ ಬರೆಯದೆ, ಮುಂದಕ್ಕೆ ಬಾಗಿದ ಅಂಡಾಕಾರವಾಗಿ ಬರೆಯುತ್ತಾರೆ. ಕಣ್ಣಿಗೆ ಚಕ್ರ ಎಂದೂ ಹಾಗೆ ಕಾಣುವುದಿಲ್ಲ. ಹಾಗಾದರೆ ಈ ಸಂಕೇತ ಎಲ್ಲಿಂದ ಬಂತು?

ಇದರ ಮೂಲವನ್ನು ಹಳೆಯ ಛಾಯಾಚಿತ್ರಗಳಲ್ಲಿ ಕಾಣಬಹುದು. ಆ ಕಾಲದ ಕೆಲವು ಕ್ಯಾಮೆರಾಗಳಲ್ಲಿ ಇಡೀ ಚಿತ್ರ ಒಂದೇ ಕ್ಷಣದಲ್ಲಿ ಮೂಡುತ್ತಿರಲಿಲ್ಲ. ಒಂದು ಸೀಳು ಸರಿದಂತೆ ದೃಶ್ಯದ ಕೆಳಭಾಗ ಮೊದಲು, ಮೇಲ್ಭಾಗ ಅನಂತರ ದಾಖಲಾಗುತ್ತಿತ್ತು. ಅಷ್ಟರಲ್ಲಿ ಕಾರು ಮುಂದೆ ಸರಿದಿರುತ್ತಿದ್ದುದರಿಂದ ಚಕ್ರದ ಮೇಲ್ಭಾಗ ಮುಂದಕ್ಕೆ ವಾಲಿದಂತೆ ಕಾಣುತ್ತಿತ್ತು. ೧೯೧೦ರ ದಶಕದ ಆದಿಯಲ್ಲಿ ಝಾಕ್ ಆನ್ರಿ ಲಾರ್ತಿಗ್ ಎಂಬ ಫ್ರೆಂಚ್ ತರುಣನು ತೆಗೆದ ಪಂದ್ಯದ ಕಾರಿನ ಛಾಯಾಚಿತ್ರ ಇದಕ್ಕೆ ಪ್ರಸಿದ್ಧ ಉದಾಹರಣೆ. ಅವನು ಕ್ಯಾಮೆರಾವನ್ನು ಕಾರಿನ ದಿಕ್ಕಿಗೆ ತಿರುಗಿಸುತ್ತಿದ್ದುದರಿಂದ ನಿಂತಿದ್ದ ಪ್ರೇಕ್ಷಕರು ಹಿಂದಕ್ಕೂ, ಕಾರಿನ ಚಕ್ರ ಮುಂದಕ್ಕೂ ವಾಲಿದ್ದಾರೆ. ಯಂತ್ರದ ದೋಷವೊಂದು ಹೀಗೆ ಕಲೆಯ ಸಂಕೇತವಾಯಿತು. ಅದನ್ನು ಕಂಡ ಕಣ್ಣು ವೇಗವೆಂದು ಓದಲು ಕಲಿಯಿತು.

ಕೆಲರ್ ಅವರ ಚಿತ್ರಗಳಲ್ಲಿ ಮುಖಗಳಿಗಿಂತ ಕಾರುಗಳ ಮೇಲೆ ಹೆಚ್ಚಿನ ಶ್ರದ್ಧೆ ಕಾಣುತ್ತದೆ. ಮನುಷ್ಯರು ಸ್ವಲ್ಪ ಬಿರುಸಾಗಿ, ಒಂದೇ ಅಚ್ಚಿನವರಾಗಿ ತೋರಬಹುದು. ಕಾರು ಮಾತ್ರ ಯಾವ ಕಂಪೆನಿಯದು, ಯಾವ ವರ್ಷದ್ದು, ಯಾವ ಭಾಗ ಬದಲಾಗಿದೆ ಎಂದು ಗುರುತಿಸುವಷ್ಟು ಖಚಿತ. ಇದನ್ನು ದೋಷವೆಂದು ತಳ್ಳಿಹಾಕುವ ಮೊದಲು ಓದುಗನನ್ನು ನೆನೆಯಬೇಕು. ಆ ಬಾಲಕನು ಕಾರುಗಳನ್ನು ಹೆಸರು ಹಿಡಿದು ಬಲ್ಲವನು. ಯಂತ್ರದ ವಿವರದಲ್ಲಿ ತಪ್ಪಿದ ಲೇಖಕನ ನೀತಿಬೋಧೆಯನ್ನು ಅವನು ನಂಬುತ್ತಿರಲಿಲ್ಲ. ವಿವರದ ಪ್ರಾಮಾಣಿಕತೆಯೇ ಇಲ್ಲಿ ಉಪದೇಶದ ಅಧಿಕಾರ.

ಇದೇ ಕಾಲದಲ್ಲಿ ಹಾಸ್ಯದ ಒಂದು ಕವಲೂ ಬೆಳೆಯಿತು. ಪೀಟರ್ಸನ್ ಸಂಸ್ಥೆಯಿಂದ ೧೯೫೯ರಲ್ಲಿ ‘ಕಾರ್‌ಟೂನ್ಸ್’ ಎಂಬ ವಿನೋದ ಪತ್ರಿಕೆ ಹೊರಟಿತು. ಅದರ ಆರಂಭಕರಲ್ಲೊಬ್ಬರಾದ ಪೀಟ್ ಮಿಲರ್ ೧೯೬೩ರಲ್ಲಿ ತಮ್ಮದೇ ಆದ ‘ಡ್ರ್ಯಾಗ್ ಕಾರ್ಟೂನ್ಸ್’ ಆರಂಭಿಸಿದರು. ಇವು ಗಾತ್ರದಲ್ಲಿ ದೊಡ್ಡವು, ಬಣ್ಣವಿಲ್ಲದವು. ಕಾಮಿಕ್ ಪುಸ್ತಕಗಳಲ್ಲದೆ ನಿಯತಕಾಲಿಕಗಳಾಗಿದ್ದುದರಿಂದ ನೀತಿಸಂಹಿತೆಯ ಹೊರಗೆ ನಿಂತವು. ಇವು ಹವ್ಯಾಸಿಗಳನ್ನೇ ಗೇಲಿ ಮಾಡಿದವು. ಚಾರ್ಲ್‌ಟನ್ ಪತ್ರಿಕೆ ಊರಿನ ಹಿರಿಯರನ್ನು ಒಪ್ಪಿಸಲು ಯತ್ನಿಸಿದರೆ, ಇವು ಆ ಹಂಗನ್ನೇ ತೊರೆದವು.

೭. ಮಿತಿಗಳು ಮತ್ತು ಹೋಲಿಕೆ

ಈ ಪ್ರಕಾರದ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಇಲ್ಲಿಯ ಲೋಕ ಬಹುಮಟ್ಟಿಗೆ ಬಿಳಿಯ ಹುಡುಗರ ಲೋಕ. ಹುಡುಗಿಯರು ಹೆಚ್ಚಾಗಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಗಾಬರಿಪಡುವುದಕ್ಕೆ ಅಥವಾ ಮೆಚ್ಚುವುದಕ್ಕೆ ಮೀಸಲು. ವಾಸ್ತವ ಇದಕ್ಕಿಂತ ಮುಂದಿತ್ತು: ಷರ್ಲಿ ಮಲ್ಡೌನಿ ಎಂಬಾಕೆ ೧೯೬೫ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನಿನಿಂದ ಪರವಾನಗಿ ಪಡೆದು, ೧೯೭೭ರಲ್ಲಿ ಅದರ ಅತ್ಯುಚ್ಚ ದರ್ಜೆಯ ಚಾಂಪಿಯನ್ ಪಟ್ಟವನ್ನು ಗೆದ್ದರು.

ಯುರೋಪಿನಲ್ಲಿಯೂ ಜಪಾನಿನಲ್ಲಿಯೂ ಇದೇ ವಸ್ತುವಿಗೆ ಬೇರೆ ರೂಪಗಳು ಬಂದವು. ಝಾನ್ ಗ್ರಾತೊನ್ ಅವರು ೧೯೫೭ರಲ್ಲಿ ‘ಟಿನ್‌ಟಿನ್’ ಪತ್ರಿಕೆಯಲ್ಲಿ ಆರಂಭಿಸಿದ ‘ಮಿಶೆಲ್ ವಾಯಾನ್’ ಕಥಾಮಾಲೆಯಲ್ಲಿ ನಾಯಕನು ಕಾರು ತಯಾರಿಸುವ ಶ್ರೀಮಂತ ಕುಟುಂಬದ ಮಗ. ಲೆ ಮಾನ್ ಮೊದಲಾದ ಮಹಾಪಂದ್ಯಗಳು ಅವನ ರಂಗಸ್ಥಳ. ತತ್ಸುವೊ ಯೋಷಿದ ಅವರು ೧೯೬೬ರಲ್ಲಿ ಆರಂಭಿಸಿದ ಜಪಾನಿ ಚಿತ್ರಕಥೆ ಮರುವರ್ಷ ದೂರದರ್ಶನಕ್ಕೆ ಬಂದು, ‘ಸ್ಪೀಡ್ ರೇಸರ್’ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಪ್ರಚಾರವಾಯಿತು; ಅಲ್ಲಿ ಕಾರು ಅದ್ಭುತ ಶಕ್ತಿಗಳ ಆಗರ. ಇವೆರಡರಲ್ಲಿಯೂ ಕಾರು ನಾಯಕನಿಗೆ ದೊರೆತದ್ದು. ಅಮೆರಿಕದ ಹಾಟ್ ರಾಡ್ ಕಥೆಯಲ್ಲಿ ಮಾತ್ರ ಕಾರು ನಾಯಕನು ಕಟ್ಟಿಕೊಂಡದ್ದು. ಈ ಒಂದು ಅಂಶದಲ್ಲಿ ಆ ಬಡ ಪತ್ರಿಕೆಗಳು ತಮ್ಮ ಚೆಲುವಾದ ಸೋದರಿಯರಿಗಿಂತ ಓದುಗನಿಗೆ ಹತ್ತಿರವಾಗಿದ್ದುವು.

೮. ಅವಸಾನ

೧೯೭೦ರಲ್ಲಿ ‘ವರ್ಲ್ಡ್ ಆಫ್ ವೀಲ್ಸ್’ ಮತ್ತು ‘ಗ್ರ್ಯಾನ್ ಪ್ರಿ’ ನಿಂತವು; ೧೯೭೩ರ ನಡುವಿಗೆ ಉಳಿದವೂ ನಿಂತವು. ಅದೇ ವರ್ಷ ತೈಲದ ಮುಗ್ಗಟ್ಟು ಉಂಟಾದುದರಿಂದ ಅದೇ ಕಾರಣವೆಂದು ಊಹಿಸುವುದು ಸುಲಭ. ಆದರೆ ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಅರಬ್ ರಾಷ್ಟ್ರಗಳು ತೈಲದ ರಫ್ತನ್ನು ತಡೆದದ್ದು ೧೯೭೩ರ ಅಕ್ಟೋಬರಿನಲ್ಲಿ. ‘ಹಾಟ್ ರಾಡ್ಸ್ ಆ್ಯಂಡ್ ರೇಸಿಂಗ್ ಕಾರ್ಸ್’ ಪತ್ರಿಕೆಯ ಕೊನೆಯ ಸಂಚಿಕೆಯ ಮೇಲಿರುವ ದಿನಾಂಕ ಜೂನ್. ಮುಖಪುಟದ ದಿನಾಂಕ ಸದಾ ಮುಂದಿನದೆಂಬುದನ್ನು ನೆನೆದರೆ ಪತ್ರಿಕೆ ಅದಕ್ಕೂ ಮುನ್ನವೇ ಮುಗಿದಿತ್ತು.

ನಿಜವಾದ ಕಾರಣವನ್ನು ಆ ಮೊದಲಿನ ದಶಕದಲ್ಲಿಯೇ ಹುಡುಕಬೇಕು. ೧೯೬೪ರ ಸುಮಾರಿಗೆ ಪಾಂಟಿಯಾಕ್ ಜಿ.ಟಿ.ಓ. ಮತ್ತು ಫೋರ್ಡ್ ಮಸ್ಟ್ಯಾಂಗ್ ಕಾರುಗಳು ಮಾರುಕಟ್ಟೆಗೆ ಬಂದ ಮೇಲೆ, ಹಿಂದೆ ಷೆಡ್ಡಿನಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ ಪಡೆಯುತ್ತಿದ್ದ ಬಲವನ್ನು ಕಾರ್ಖಾನೆಯವರೇ ಕಂತಿನ ಮೇಲೆ ಮಾರತೊಡಗಿದರು. ಪಂದ್ಯಗಳು ಕಂಪೆನಿಗಳ ಹಣದಿಂದ ನಡೆಯುವ ವೃತ್ತಿಪರರ ಕ್ಷೇತ್ರವಾದವು. ಕಟ್ಟುವ ಹುಡುಗ ಕೊಳ್ಳುವ ಹುಡುಗನಾದಾಗ, ಕಟ್ಟುವವನ ಕಥೆಗೆ ಆಧಾರ ಕುಸಿಯಿತು. ಪತ್ರಿಕೆಗಳ ಹೆಸರುಗಳು ೧೯೬೭ರಲ್ಲಿ ಬದಲಾದುದರ ಅರ್ಥ ಇದೇ ಇರಬೇಕು. ಇದರೊಡನೆ ಕಾಮಿಕ್ಪುಸ್ತಕಗಳನ್ನು ಮಾರುತ್ತಿದ್ದ ಚಿಕ್ಕ ಅಂಗಡಿಗಳು ಕಡಮೆಯಾದುದನ್ನೂ ಸೇರಿಸಿ ಎಣಿಸಬೇಕು.

೯. ಉಪಸಂಹಾರ

ಈ ಪುಸ್ತಕಗಳನ್ನು ಮಹಾಕೃತಿಗಳೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅಗ್ಗದ ಕಾಗದದ ಮೇಲೆ, ಅಲ್ಪ ಸಂಭಾವನೆಗೆ, ಅವಸರದಲ್ಲಿ ಸಿದ್ಧವಾದ ಬರಹಗಳು ಇವು. ಅವು ಎಷ್ಟು ಜೀವಗಳನ್ನು ಉಳಿಸಿದವೆಂದು ಎಣಿಸುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವೂ ಅಲ್ಲ. ಆದರೆ ಒಂದು ಮಾತನ್ನು ನಿಸ್ಸಂಶಯವಾಗಿ ಹೇಳಬಹುದು. ತರುಣರ ಅಪಾಯಕರವಾದ ಆಸೆಯನ್ನು ಎದುರಿಸಲು ಸಮಾಜಕ್ಕೆ ಎರಡು ದಾರಿಗಳುಂಟು: ಆಸೆಯನ್ನೇ ಅಪರಾಧವೆಂದು ಘೋಷಿಸುವುದು ಒಂದು, ಆಸೆಗೆ ಜಾಗವನ್ನೂ ನಿಯಮವನ್ನೂ ಒದಗಿಸುವುದು ಇನ್ನೊಂದು. ೧೯೫೦ರ ದಶಕದ ಅಮೆರಿಕ ಕಾಮಿಕ್ ಪುಸ್ತಕದ ವಿಷಯದಲ್ಲಿ ಮೊದಲನೆಯದನ್ನೂ, ಕಾರಿನ ವಿಷಯದಲ್ಲಿ ಎರಡನೆಯದನ್ನೂ ಪ್ರಯೋಗಿಸಿ ನೋಡಿತು. ಹಾಟ್ ರಾಡ್ ಕಾಮಿಕ್ ಪುಸ್ತಕ ಈ ಎರಡು ಪ್ರಯೋಗಗಳು ಸಂಧಿಸುವ ಸ್ಥಳ: ಶಂಕೆಗೆ ಗುರಿಯಾದ ಮಾಧ್ಯಮವೊಂದು ಶಂಕೆಗೆ ಗುರಿಯಾದ ಹವ್ಯಾಸವೊಂದರ ಪರವಾಗಿ ವಾದಿಸಿತು, ವಾದಿಸುವಾಗ ಸಂಯಮದ ಪಕ್ಷವನ್ನೇ ಹಿಡಿಯಿತು.

೧೯೬೪ಕ್ಕೆ ಮುನ್ನ ಅಮೆರಿಕದಲ್ಲಿ ಪ್ರಕಟವಾದ ಕೃತಿಗಳ ಹಕ್ಕನ್ನು ೨೮ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು. ಹಾಗೆ ನವೀಕರಿಸದೆ ಉಳಿದ ಆ ಕಾಲದ ಅನೇಕ ಕಾಮಿಕ್ ಪುಸ್ತಕಗಳು ಇಂದು ಗಣಕಯಂತ್ರದ ಮೇಲೆ ಎಲ್ಲರಿಗೂ ಓದಲು ದೊರೆಯುತ್ತವೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಗ್ರಂಥಾಲಯ ಮೊದಲಾದೆಡೆ ಮೂಲ ಪ್ರತಿಗಳ ದೊಡ್ಡ ಸಂಗ್ರಹಗಳಿವೆ. ಜನಪ್ರಿಯ ಸಾಹಿತ್ಯವನ್ನು ಅಭ್ಯಸಿಸಬೇಕೆನ್ನುವ ವಿದ್ಯಾರ್ಥಿಗಳು ಇಂಥ ಒಂದು ಸಂಚಿಕೆಯನ್ನು ಎತ್ತಿಕೊಂಡು, ಮುಖಪುಟ, ಕಥೆ, ಗದ್ಯದ ಪುಟ, ಜಾಹೀರಾತು ಇವೆಲ್ಲವನ್ನೂ ಒಂದೇ ಪಠ್ಯವೆಂಬಂತೆ ಓದಲಿ. ವೇಗವನ್ನು ಮಾರುವ ಮುಖಪುಟಕ್ಕೂ ತಾಳ್ಮೆಯನ್ನು ಬೋಧಿಸುವ ಕೊನೆಯ ಚೌಕಟ್ಟಿಗೂ ನಡುವೆ ಇರುವ ಜಗ್ಗಾಟದಲ್ಲಿ ಆ ಸಮಾಜದ ಮನಸ್ಸು ಸ್ಫುಟವಾಗಿ ಗೋಚರವಾಗುವುದು.